ಜ್ವಾಲೆ ಎಲ್ಲಿ ಹೋಯ್ತು? ಎಚ್‌ಡಿಆರ್ ಚಿತ್ರಗಳಲ್ಲಿ ಆಲ್ಫಾ

ಹೋದ ರಾಜ್ಯೋತ್ಸವಕ್ಕೆ ವೇದಿಕೆಯ ಎಲ್‌ಇಡಿ ಪರದೆಗೆ ಒಂದು ಅನಿಮೇಷನ್ ಮಾಡೋ ಕೆಲಸ ನಮ್ಮ ತಲೆಗೆ ಬಿತ್ತು. ಬ್ಲೆಂಡರ್‌ನಲ್ಲಿ ಉರಿಯುವ ಹಣತೆ ಮಾಡಿ, ಹಂಪಿಯ ಕಲ್ಲಿನ ರಥದ ಫೋಟೋ ಮುಂದೆ ಕೂರಿಸೋಣ ಅಂದುಕೊಂಡ್ವಿ. ರೆಂಡರ್ ವಿಂಡೋದಲ್ಲಿ ಜ್ವಾಲೆ ಚೆನ್ನಾಗೇ ಕಾಣ್ತಿತ್ತು. 240 ಫ್ರೇಮುಗಳನ್ನು ಪಿಎನ್‌ಜಿಯಲ್ಲಿ ಸೇವ್ ಮಾಡಿ ಫೋಟೋ ಮೇಲೆ ಇಟ್ಟರೆ ಹಣತೆ ಇದೆ, ಬತ್ತಿ ಇದೆ, ಜ್ವಾಲೆ ಮಾತ್ರ ಇಲ್ಲ! ರಾತ್ರಿ ಎರಡು ಗಂಟೆ, ಬೆಳಿಗ್ಗೆ ಕಾರ್ಯಕ್ರಮ. ಆ ರಾತ್ರಿ ಕಲಿತದ್ದನ್ನು ಇಲ್ಲಿ ಬರೆದಿಡ್ತಿದ್ದೇವೆ.

ಆಲ್ಫಾ ಅಂದರೆ ಏನು?

ಒಂದು ಪಿಕ್ಸೆಲ್ ತನ್ನ ಹಿಂದಿರುವುದನ್ನು ಎಷ್ಟು ಮರೆಮಾಡುತ್ತದೆ ಅನ್ನುವ ಅಳತೆಯೇ ಆಲ್ಫಾ. 1 ಅಂದರೆ ಪೂರ್ತಿ, 0 ಅಂದರೆ ಏನೂ ಇಲ್ಲ. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದಕ್ಕೆ ಹೆಸರಿಟ್ಟರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ತಮ್ಮ ಪ್ರಬಂಧದಲ್ಲಿ, ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಡುವ ಪದ್ಧತಿಯನ್ನು ವಿವರಿಸಿದರು. ಇದೇ ಪ್ರೀಮಲ್ಟಿಪ್ಲೈಡ್. ಗುಣಿಸದೆ ಹಾಗೇ ಇಟ್ಟರೆ ಸ್ಟ್ರೇಟ್. ಎರಡರ ಲೆಕ್ಕ ಹೀಗೆ:

ಸ್ಟ್ರೇಟ್: ಫಲಿತಾಂಶ = ಆಲ್ಫಾ × ಮುಂದಿನದು + (1 − ಆಲ್ಫಾ) × ಹಿಂದಿನದು
ಪ್ರೀಮಲ್ಟಿಪ್ಲೈಡ್: ಫಲಿತಾಂಶ = ಮುಂದಿನದು + (1 − ಆಲ್ಫಾ) × ಹಿಂದಿನದು

ಪಿಎನ್‌ಜಿಯ ನಿಯಮ ಸ್ಟ್ರೇಟ್. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಓಪನ್‌ಇಎಕ್ಸ್‌ಆರ್‌ನ ರೂಢಿ ಪ್ರೀಮಲ್ಟಿಪ್ಲೈಡ್.

ಜ್ವಾಲೆಯ ಲೆಕ್ಕ

ಬೆಂಕಿ ಬೆಳಕು ಕೊಡುತ್ತದೆ, ಆದರೆ ಹಿಂದಿನ ಗೋಡೆಯನ್ನು ಮರೆಮಾಡುವುದಿಲ್ಲ. ಹಾಗಾಗಿ ನಮ್ಮ ಜ್ವಾಲೆಯ ಒಂದು ಪಿಕ್ಸೆಲ್‌ನಲ್ಲಿ ಕೆಂಪು 4.0, ಆಲ್ಫಾ 0 ಅಂತಿಟ್ಟುಕೊಳ್ಳಿ. ಹಿಂದಿನ ಕಲ್ಲು 0.2. ಪ್ರೀಮಲ್ಟಿಪ್ಲೈಡ್ ಸೂತ್ರದಲ್ಲಿ 4.0 + 0.2 = 4.2. ಬೆಳಕಿನ ಮೇಲೆ ಬೆಳಕು ಕೂಡಿತು, ಸರಿ ಇದೆ.

ಇದನ್ನೇ ಸ್ಟ್ರೇಟ್ ಮಾಡಬೇಕಂದರೆ 4.0ನ್ನು 0ಯಿಂದ ಭಾಗಿಸಬೇಕು. ಆಗುತ್ತಾ? ಫೈಲಿನಲ್ಲಿ ಬಣ್ಣ ಏನೇ ಉಳಿದಿರಲಿ, ಕೂರಿಸುವಾಗ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ. ಸಾಲದ್ದಕ್ಕೆ ಮಾಮೂಲಿ ಪಿಎನ್‌ಜಿಯಲ್ಲಿ 1ಕ್ಕಿಂತ ಹೆಚ್ಚಿನ ಬೆಳಕಿಗೆ ಜಾಗವೇ ಇಲ್ಲ, 4.0 ಹೋಗಿ 1 ಆಗುತ್ತದೆ. ಇಎಕ್ಸ್‌ಆರ್‌ನ 16 ಬಿಟ್ ಹಾಫ್ ಫ್ಲೋಟ್ 65504ರ ತನಕ ಹಿಡಿಯುತ್ತದೆ.

ಅಂಚಿನಲ್ಲಿ ಕಾದಿರುವ ತಪ್ಪು

ಫೈಲು ಯಾವ ಪದ್ಧತಿಯದು ಅಂತ ತಪ್ಪು ತಿಳಿದರೂ ಕಷ್ಟ. ಒಂದು ಹೊಳೆಯುವ ವಸ್ತುವಿನ ಅಂಚಿನಲ್ಲಿ ನಿಜವಾದ ಬಣ್ಣ 8.0, ಆಲ್ಫಾ 0.25, ಹಿಂದೆ 0.2 ಅಂದುಕೊಳ್ಳಿ. ಸರಿಯಾದ ಉತ್ತರ 2.0 + 0.15 = 2.15. ಎರಡು ಸಲ ಗುಣಿಸಿದರೆ 0.5 + 0.15 = 0.65, ಸುತ್ತಲೂ ಕಪ್ಪು ಗೆರೆ. ಒಂದು ಸಲವೂ ಗುಣಿಸದಿದ್ದರೆ 8.15, ಕಣ್ಣು ಕುಕ್ಕುವ ಬಿಳಿ ಗೆರೆ. ಮಾಮೂಲಿ 8 ಬಿಟ್ ಚಿತ್ರದಲ್ಲಿ ಬೆಲೆ 1 ದಾಟುವುದಿಲ್ಲ, ಆದ್ದರಿಂದ ತಪ್ಪಿಗೂ ಒಂದು ಮಿತಿ ಇರುತ್ತದೆ. ಎಚ್‌ಡಿಆರ್‌ನಲ್ಲಿ ಆ ತಡೆ ಇಲ್ಲ.

ಬ್ಲರ್ ಮಾಡುವಾಗ, ಸೈಜ್ ಬದಲಿಸುವಾಗಲೂ ಪ್ರೀಮಲ್ಟಿಪ್ಲೈಡ್ ಇರಲಿ. ಸ್ಟ್ರೇಟ್‌ನಲ್ಲಿ ಸರಾಸರಿ ತೆಗೆದರೆ, ಕಾಣದ ಪಿಕ್ಸೆಲ್‌ನಲ್ಲಿ ಅಡಗಿದ್ದ ಬಣ್ಣವೂ ಬಂದು ಸೇರಿಕೊಳ್ಳುತ್ತದೆ.

ನೆನಪಿಡಬೇಕಾದ್ದು

• ಎಕ್ಸ್‌ಪೋಶರ್ ಹೆಚ್ಚು ಕಡಿಮೆ ಮಾಡೋದು ಬರೀ ಗುಣಾಕಾರ. ಬಣ್ಣವನ್ನಷ್ಟೇ ಗುಣಿಸಿ, ಆಲ್ಫಾ ಮುಟ್ಟಬೇಡಿ.
• ಗಾಮಾ, ಟೋನ್ ಮ್ಯಾಪಿಂಗ್ ಹಾಗಲ್ಲ. ಲೀನಿಯರ್ ಬೆಳಕಿನಲ್ಲಿ ಎಲ್ಲಾ ಪದರ ಕೂಡಿಸಿ, ಇವನ್ನು ಕೊನೆಗೆ ಮಾಡಿ.
• ನಡುವೆ ಬಣ್ಣ ತಿದ್ದಲೇಬೇಕಾದರೆ ಆಲ್ಫಾದಿಂದ ಭಾಗಿಸಿ, ತಿದ್ದಿ, ಮತ್ತೆ ಗುಣಿಸಿ. ಆಲ್ಫಾ 0 ಇರುವ ಕಡೆ ಭಾಗಿಸಬೇಡಿ.
• ರೇಡಿಯನ್ಸ್‌ನ ಎಚ್‌ಡಿಆರ್ ಫೈಲಿನಲ್ಲಿ ಪಿಕ್ಸೆಲ್‌ಗೆ ನಾಲ್ಕು ಬೈಟ್ ಇದೆ ಅಂತ ಮೋಸ ಹೋಗಬೇಡಿ. ನಾಲ್ಕನೆಯದು ಮೂರೂ ಬಣ್ಣಕ್ಕೆ ಸೇರಿದ ಘಾತ. ಅಲ್ಲಿ ಆಲ್ಫಾ ಇಲ್ಲವೇ ಇಲ್ಲ.
• ಟಿಫ್‌ನಲ್ಲಿ ಎರಡೂ ಪದ್ಧತಿಗೆ ಅವಕಾಶ ಇದೆ, ಯಾವುದು ಅಂತ ಟ್ಯಾಗ್ ಹೇಳುತ್ತದೆ. ಅದನ್ನು ಓದದೆ ಕೋಡ್ ಬರೆಯಬೇಡಿ.

ಆ ರಾತ್ರಿ ಮಾಡಿದ್ದಿಷ್ಟು: ಔಟ್‌ಪುಟ್ ಇಎಕ್ಸ್‌ಆರ್‌ಗೆ ಬದಲಿಸಿ ಮತ್ತೆ ರೆಂಡರ್ ಹಾಕಿದ್ವಿ. ಬೆಳಗಾಗುವಷ್ಟರಲ್ಲಿ 90 ಫ್ರೇಮ್ ಆಗಿತ್ತು, ಅದನ್ನೇ ಲೂಪ್ ಮಾಡಿದ್ವಿ. ಜ್ವಾಲೆ ಮೂರು ಮುಕ್ಕಾಲು ಸೆಕೆಂಡಿಗೊಮ್ಮೆ ಸಣ್ಣಗೆ ಜಿಗಿಯುತ್ತಿತ್ತು. ನೋಡಿದವರೆಲ್ಲ ಗಾಳಿ ಅಂದುಕೊಂಡರು, ನಾವೂ ಹೌದು ಅಂದ್ವಿ. ನಿಮ್ಮ ಮುಂದಿನ ಪ್ರಾಜೆಕ್ಟ್‌ನಲ್ಲಿ 240 ಫ್ರೇಮ್ ರೆಂಡರ್ ಹಾಕೋ ಮುಂಚೆ, ಒಂದೇ ಒಂದು ಫ್ರೇಮನ್ನು ಹಿನ್ನೆಲೆಯ ಮೇಲೆ ಇಟ್ಟು ನೋಡಿ. ಐದು ನಿಮಿಷ ಸಾಕು, ನಿದ್ದೆ ಉಳಿಯುತ್ತೆ.