ಪಾಲಿಥೀನೆಂಬ ಬಹುರೂಪಿ

ನಮ್ಮ ಮನೆಯ ಅಡುಗೆಯ ಕೋಣೆಯಲ್ಲಿ ಪ್ಲಾಸ್ಟಿಕ್ಕಿಗೆ ಪ್ರವೇಶವಿಲ್ಲ. ಹಾಲಿನ ಪೊಟ್ಟಣವೊಂದು ಮಾತ್ರ ವಿಧಿಯಿಲ್ಲದೆ ಒಳಗೆ ಬರುವುದು. ಅದು ಕೂಡ ಹಾಲನ್ನು ಪಾತ್ರೆಗೆ ಸುರಿದೊಡನೆಯೇ ತೊಳೆಯಲ್ಪಟ್ಟು, ಹಿತ್ತಲಿನ ತಂತಿಯ ಮೇಲೆ ಒಣಗಿ, ತಿಂಗಳ ಕೊನೆಗೆ ರದ್ದಿಯವನ ಚೀಲವನ್ನು ಸೇರುವುದು. ಈ ಕಟ್ಟಳೆಯನ್ನು ವಿಧಿಸಿದವರು ನಮ್ಮ ಗೃಹಿಣಿ. ಹೀಗಿರಲಾಗಿ, ಕಳೆದ ವರ್ಷ ಅವರ ಬಲ ಮೊಣಕಾಲಿನ ಕೀಲು ಸವೆದು, ಹಿತ್ತಲಿನ ಮೂರು ಮೆಟ್ಟಿಲುಗಳನ್ನು ಇಳಿಯುವುದೂ ದುಸ್ತರವಾಗಲು, ಕೀಲನ್ನೇ ಬದಲಿಸಬೇಕೆಂದು ವೈದ್ಯರು ಹೇಳಿ ಅದರ ಮಾದರಿಯೊಂದನ್ನು ಮೇಜಿನ ಮೇಲಿಟ್ಟರು. ತೊಡೆಯ ಮೂಳೆಯ ತುದಿಗೆ ತೊಡಿಸತಕ್ಕ ಲೋಹದ ಟೊಪ್ಪಿಗೆಯೊಂದು; ಮುಂಗಾಲಿನ ಮೂಳೆಯ ಮೇಲೆ ಕೂರಿಸತಕ್ಕ ಲೋಹದ ತಟ್ಟೆಯೊಂದು; ಎರಡರ ನಡುವೆ, ಕೊಬ್ಬರಿಯ ಹೋಳಿನಂತೆ ಬೆಳ್ಳಗಿರುವ ಬಿಲ್ಲೆಯೊಂದು. ನಡುವಿನದು ಯಾವ ಪದಾರ್ಥವೆಂದು ಕೇಳಿದೆವು. "ಪಾಲಿಥೀನ್" ಎಂದು ಉತ್ತರ ಬಂದಿತು.

ಗೃಹಿಣಿ ನಮ್ಮ ಮುಖವನ್ನು ನೋಡಿದರು. "ಒಲೆಯ ಹತ್ತಿರ ಬಿಟ್ಟುಕೊಳ್ಳದ ವಸ್ತುವನ್ನು ಕಾಲೊಳಗೆ ಇಟ್ಟುಕೊಳ್ಳಲೇ?" ಎಂದರು.

ಅಂದು ತೀರ್ಮಾನವಾಗಲಿಲ್ಲ. ಒಂದು ತಿಂಗಳ ಅವಧಿಯನ್ನು ಕೇಳಿಕೊಂಡು ಬಂದು, ಸಿಕ್ಕ ಪುಸ್ತಕಗಳನ್ನು ಓದಿ, ತಿಳಿದವರನ್ನು ಕೇಳಿ, ನಾವು ಸಂಗ್ರಹಿಸಿದುದನ್ನು ವಾಚಕರ ಮುಂದಿಡುತ್ತಿದ್ದೇವೆ. ರಸಾಯನಶಾಸ್ತ್ರವು ನಮ್ಮ ಪಾಠದ ವಿಷಯವಲ್ಲ. ಜೀವಮಾನವೆಲ್ಲ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವರು. ಆದುದರಿಂದ ದೃಷ್ಟಾಂತಗಳು ಆ ಕಡೆಯಿಂದಲೇ ಬಂದರೆ ವಾಚಕರು ಕ್ಷಮಿಸಬೇಕು.

ಬಾಳೆಯ ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಒಂದು ಕಾಯಿ ಹಣ್ಣಾದೊಡನೆ ಉಳಿದವೂ ಹಣ್ಣಾಗುವುದನ್ನು ಎಲ್ಲರೂ ಬಲ್ಲರು. ಹಣ್ಣಿನಿಂದ ಹೊರಡುವ ಒಂದು ಅನಿಲವು ಇದಕ್ಕೆ ಕಾರಣ. ಅದರ ಹೆಸರು ಎಥಿಲೀನ್. ಎರಡು ಇಂಗಾಲದ ಪರಮಾಣುಗಳೂ ನಾಲ್ಕು ಜಲಜನಕದ ಪರಮಾಣುಗಳೂ ಕೂಡಿದ ಅತ್ಯಂತ ಸಣ್ಣ ಅಣು ಅದು. ಕಾರ್ಖಾನೆಗಳಲ್ಲಿ ಇದೇ ಅನಿಲವನ್ನು ಖನಿಜತೈಲದ ಭಾಗಗಳಿಂದಲೋ ಭೂಗರ್ಭದ ಅನಿಲದಿಂದಲೋ ಪಡೆಯುವರು. ಈ ಅಣುಗಳು ಒಂದರ ಕೈಯನ್ನೊಂದು ಹಿಡಿದು ಸಾವಿರಗಟ್ಟಲೆಯಾಗಿ ಸಾಲುಗೂಡಿದರೆ, ಕಣ್ಣಿಗೆ ಕಾಣದ ಅನಿಲವು ಕೈಯಲ್ಲಿ ಹಿಡಿಯಬಹುದಾದ ಘನಪದಾರ್ಥವಾಗುತ್ತದೆ. ಬಿಡಿ ಪದಗಳು ಪ್ರತ್ಯಯಗಳನ್ನು ಕಳೆದುಕೊಂಡು ಒಂದೇ ದೀರ್ಘ ಸಮಾಸವಾಗುವಂತೆ ಎಂದು ಭಾವಿಸಬಹುದು. ಬಾಣಭಟ್ಟನ ಸಮಾಸಗಳನ್ನು ಬಿಡಿಸಿ ಬೇಸತ್ತ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಉದ್ದವೆಂದರೇನೆಂಬುದು ಗೊತ್ತಿದೆ. ಆದರೆ ಮೊಣಕಾಲಿನ ಬಿಲ್ಲೆಯಲ್ಲಿರುವ ಒಂದೊಂದು ಸರಪಣಿಯಲ್ಲಿಯೂ ಒಂದು ಲಕ್ಷಕ್ಕೆ ಮೀರಿದ ಪದಗಳಿರುತ್ತವೆಂದರೆ ಬಾಣನೂ ಕೈ ಮುಗಿಯುತ್ತಿದ್ದನು.

ಈ ಸಮಾಸವು ಮೊದಲು ಕೈಗೆ ಬಂದದ್ದು ಆಕಸ್ಮಿಕವಾಗಿ. 1933ನೆಯ ಇಸವಿಯ ಮಾರ್ಚಿಯಲ್ಲಿ, ಇಂಗ್ಲೆಂಡಿನ ಚೆಷೈರ್ ಸೀಮೆಯ ವಿನ್ನಿಂಗ್ಟನ್ ಎಂಬಲ್ಲಿ, ಐ.ಸಿ.ಐ. ಕಂಪೆನಿಯ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ಎಥಿಲೀನನ್ನು ಮತ್ತೊಂದು ದ್ರವದೊಡನೆ ಕೂಡಿಸಬೇಕೆಂದು, ನಮ್ಮ ಸುತ್ತಣ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮಿಕ್ಕ ಒತ್ತಡದಲ್ಲಿ, 170 ಡಿಗ್ರಿ ಶಾಖದಲ್ಲಿ ಇಟ್ಟರು. ಅವರು ಬಯಸಿದ್ದು ಆಗಲಿಲ್ಲ. ಪಾತ್ರೆಯನ್ನು ಬಿಚ್ಚಿ ನೋಡಲು, ಮೇಣದಂಥ ಬಿಳಿಯ ವಸ್ತು ಚೂರೇ ಚೂರು ಅಂಟಿಕೊಂಡಿತ್ತು. ಪುನಃ ಮಾಡಹೋದಾಗ ಉಪಕರಣವು ಸಿಡಿಯಿತು, ಕೆಲಸವನ್ನು ನಿಲ್ಲಿಸಿದರು. 1935ರ ಡಿಸೆಂಬರಿನಲ್ಲಿ ಪೆರಿನ್ ಮೊದಲಾದವರು ಬಲವಾದ ಉಪಕರಣದೊಡನೆ ಮತ್ತೆ ಆರಂಭಿಸಿದಾಗ ಎಲ್ಲಿಯೋ ಸೋರಿ ಒತ್ತಡ ಇಳಿಯಿತು. ಅದನ್ನು ತುಂಬಲು ಇನ್ನಷ್ಟು ಎಥಿಲೀನನ್ನು ಒಳಗೆ ಬಿಟ್ಟರು. ಹೊಸದಾಗಿ ಬಿಟ್ಟ ಅನಿಲದಲ್ಲಿ ಆಮ್ಲಜನಕದ ಲೇಶವಿತ್ತು. ಆ ಲೇಶವೇ ಅಣುಗಳ ಜೋಡಣೆಗೆ ಚಾಲನೆ ಕೊಟ್ಟಿತೆಂಬುದು ಆಮೇಲೆ ತಿಳಿಯಿತು. ಪಾತ್ರೆ ಸೋರದೆ ಇದ್ದಿದ್ದರೆ ಪಾಲಿಥೀನಿನ ಕಥೆ ಇನ್ನೆಷ್ಟು ವರ್ಷ ತಡೆಯುತ್ತಿತ್ತೋ! 1939ರ ಸೆಪ್ಟೆಂಬರಿನಲ್ಲಿ, ಎರಡನೆಯ ಮಹಾಯುದ್ಧವು ಮೊದಲಾಗುವ ಹೊತ್ತಿಗೆ, ಕಾರ್ಖಾನೆ ನಡೆಯತೊಡಗಿತು. ರೇಡಾರ್ ಯಂತ್ರಗಳ ತಂತಿಗಳಿಗೆ ಹೊದಿಕೆಯಾಗಿ ಆ ಪದಾರ್ಥವು ಯುದ್ಧಕಾರ್ಯಕ್ಕೆ ಹೋಯಿತು.

ಆ ಮೊದಲ ಪಾಲಿಥೀನು ಮೆತುವು. ಅದರ ಸರಪಣಿಗಳು ನೆಟ್ಟಗಿಲ್ಲದೆ, ಜಾಲಿಯ ಮುಳ್ಳುಕೊಂಬೆಗಳಂತೆ ಅಕ್ಕಪಕ್ಕಕ್ಕೆ ಕವಲೊಡೆದಿರುತ್ತವೆ. ಜಾಲಿಯ ಕೊಂಬೆಗಳನ್ನು ಎಷ್ಟು ತುಳಿದರೂ ಹೊರೆ ಬಿಗಿಯಾಗುವುದಿಲ್ಲ. ಕವಲಿಲ್ಲದ ಗಳಗಳಾದರೋ ಒಂದಕ್ಕೊಂದು ಒತ್ತಿ ಕೂತು ಬಿಗಿಯಾದ ಕಟ್ಟಾಗುತ್ತವೆ. ಮೆತುವಾದದ್ದು ಸುಮಾರು 110 ಡಿಗ್ರಿಯಲ್ಲಿಯೇ ಕರಗುವುದು. ಗಳಗಳಂತೆ ನೆಟ್ಟಗಿರುವುದು ಸುಮಾರು 130 ಡಿಗ್ರಿಯವರೆಗೆ ತಾಳುವುದು. ಪದಾರ್ಥವೊಂದೇ, ಜೋಡಣೆ ಮಾತ್ರ ಬೇರೆ.

ನೆಟ್ಟಗಿನ ಸರಪಣಿಯನ್ನು ಮಾಡುವ ಬಗೆಯನ್ನು ಜರ್ಮನಿಯ ಮ್ಯೂಲ್ಹೈಮಿನಲ್ಲಿ ಕಾರ್ಲ್ ಜೀಗ್ಲರ್ ಎಂಬವರು 1953ರಲ್ಲಿ ಕಂಡುಹಿಡಿದರು. ಅವರದೂ ತಪ್ಪಿನಿಂದ ಹುಟ್ಟಿದ ವಿದ್ಯೆಯೇ. ಅವರ ಪ್ರಯೋಗವೊಂದರಲ್ಲಿ ಉದ್ದವಾಗಬೇಕಾಗಿದ್ದ ಸರಪಣಿ ಎರಡೇ ಕೊಂಡಿಗಳಿಗೆ ನಿಂತುಹೋಯಿತು. ಏಕೆಂದು ಹುಡುಕಲು, ಪಾತ್ರೆಯಲ್ಲಿ ಉಳಿದಿದ್ದ ನಿಕ್ಕಲ್ ಲೋಹದ ಕಣವು ಬೆಳವಣಿಗೆಯನ್ನು ಕಡಿಯುತ್ತಿದೆಯೆಂದು ತಿಳಿಯಿತು. ಒಂದು ಲೋಹ ಕಡಿಯುವುದಾದರೆ ಮತ್ತೊಂದು ಬೆಳೆಸಬಹುದಲ್ಲವೆ? ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ ಟೈಟಾನಿಯಮಿನ ಲವಣಕ್ಕೆ ಬಂದಾಗ, ಸಾಧಾರಣವಾದ ಒತ್ತಡದಲ್ಲಿ, ಗಾಜಿನ ಪಾತ್ರೆಯಲ್ಲಿಯೇ ಗಟ್ಟಿಯಾದ ಪಾಲಿಥೀನು ಕೂಡಿಕೊಂಡಿತು. ಸಾವಿರ ಪಟ್ಟು ಒತ್ತಡವನ್ನು ತಡೆಯುವ ಉಕ್ಕಿನ ಪಾತ್ರೆಗಳ ಹಂಗು ತಪ್ಪಿತು.

ಅಮೆರಿಕದ ಫಿಲಿಪ್ಸ್ ಕಂಪೆನಿಯ ಹೋಗನ್ ಮತ್ತು ಬ್ಯಾಂಕ್ಸ್ ಎಂಬವರು 1951ರಲ್ಲಿಯೇ ಕ್ರೋಮಿಯಮಿನ ಸಹಾಯದಿಂದ ಬೇರೊಂದು ದಾರಿಯನ್ನು ಹಿಡಿದಿದ್ದರು. ಆದರೆ ಅವರ ಕಾರ್ಖಾನೆಯ ಮೊದಮೊದಲಿನ ಸರಕು ಕೊಳ್ಳುವವರಿಲ್ಲದೆ ಉಗ್ರಾಣದಲ್ಲಿ ಬಿದ್ದಿತ್ತು. ಅದನ್ನು ಬಿಡಿಸಿದ್ದು 1958ರಲ್ಲಿ ಮಕ್ಕಳು ಸೊಂಟದ ಸುತ್ತ ತಿರುಗಿಸುವ ಬಳೆಯಾಟಿಕೆಯಂತೆ! ದೊಡ್ಡ ಉದ್ಯಮವೊಂದನ್ನು ಹುಡುಗರ ಹುಚ್ಚಾಟವು ದಡ ಸೇರಿಸಿದ್ದನ್ನು ಓದಿ, ಪಾಠದ ನಡುವೆ ಆಟಿಕೆ ತಂದವರಿಂದ ಅದನ್ನು ಕಿತ್ತಿಟ್ಟುಕೊಳ್ಳುತ್ತಿದ್ದ ನಮಗೆ ಸ್ವಲ್ಪ ಸಂಕೋಚವಾಯಿತು.

ಜೀಗ್ಲರರ ವಿದ್ಯೆಯನ್ನು ಇಟಲಿಯ ಮಿಲಾನಿನಲ್ಲಿದ್ದ ಜೂಲಿಯೋ ನಾಟ್ಟಾ ಎಂಬವರು 1954ರಲ್ಲಿ ಎಥಿಲೀನಿನ ದಾಯಾದಿಯಾದ ಪ್ರೊಪಿಲೀನಿಗೆ ಅನ್ವಯಿಸಿದರು. ಪ್ರೊಪಿಲೀನಿನ ಪ್ರತಿಯೊಂದು ಅಣುವಿಗೂ ಪಕ್ಕದಲ್ಲಿ ಒಂದು ಕುಡಿ ಉಂಟು. ಸಾಲುಗೂಡುವಾಗ ಎಲ್ಲ ಕುಡಿಗಳೂ ಒಂದೇ ಪಕ್ಕಕ್ಕೆ ನಿಲ್ಲಬಹುದು. ಒಂದು ಈಚೆ, ಒಂದು ಆಚೆ ಎಂದು ನಿಲ್ಲಬಹುದು. ಮನಸ್ಸು ಬಂದಂತೆಯೂ ನಿಲ್ಲಬಹುದು. ಎಲ್ಲವೂ ಗುರುವಾದರೆ ವಿದ್ಯುನ್ಮಾಲಾ, ಲಘು ಗುರು ಲಘು ಗುರು ಎಂದು ಬಂದರೆ ಪ್ರಮಾಣಿಕಾ, ಕ್ರಮವಿಲ್ಲದಿದ್ದರೆ ಗದ್ಯ ಎಂದು ನಾವು ತಿಳಿದುಕೊಂಡೆವು. ಗದ್ಯವಾದದ್ದು ಅಂಟಂಟಾದ ಗೋಂದು. ಒಂದೇ ಪಕ್ಕಕ್ಕೆ ನಿಂತದ್ದು 160 ಡಿಗ್ರಿಯವರೆಗೂ ಕರಗದ ಗಟ್ಟಿ ಪದಾರ್ಥ. ಈ ಮೂರು ವೃತ್ತಗಳಿಗೆ ಗ್ರೀಕ್ ಧಾತುಗಳಿಂದ ಹೆಸರುಗಳನ್ನು ರಚಿಸಿಕೊಟ್ಟವರು ನಾಟ್ಟಾ ಅವರ ಪತ್ನಿ ರೋಸಿಟಾ. ಅವರು ಸಾಹಿತ್ಯದ ಪದವೀಧರೆ. ರಸಾಯನಶಾಸ್ತ್ರಜ್ಞನ ಮನೆಯಲ್ಲಿ ವೈಯಾಕರಣರೊಬ್ಬರಿದ್ದುದು ನಮಗೆ ಬಹಳ ಸಂತೋಷದ ವಿಷಯ. ಜೀಗ್ಲರ್ ನಾಟ್ಟಾ ಇಬ್ಬರಿಗೂ 1963ರಲ್ಲಿ ನೊಬೆಲ್ ಬಹುಮಾನವು ಬಂದಿತು. ಇಂದು ನಮ್ಮ ಅಕ್ಕಿಯ ಮೂಟೆಯ ಹೆಣೆದ ಚೀಲ, ಬಿಸಿಯೂಟವನ್ನು ತಾಳುವ ಡಬ್ಬಿ, ಇವು ಪಾಲಿಪ್ರೊಪಿಲೀನಿನವು. ಮಂಗಳೂರಿನ ತೈಲಶುದ್ಧೀಕರಣದ ಕಾರ್ಖಾನೆಯಲ್ಲಿ 2015ರಲ್ಲಿ ಸ್ಥಾಪಿತವಾದ ಘಟಕವು ವರ್ಷಕ್ಕೆ 4,40,000 ಟನ್ನುಗಳಷ್ಟನ್ನು ಮಾಡಬಲ್ಲದು.

ಇನ್ನು ಅಚ್ಚಿಗೆ ಹಾಕುವ ಬಗೆ. ಸಬ್ಬಕ್ಕಿಯಂಥ ಕಾಳುಗಳಾಗಿ ಬಂದ ಪದಾರ್ಥವನ್ನು ಬಿಸಿ ಮಾಡಿ ತಿರುಪಿನಿಂದ ಒತ್ತುವ ಯಂತ್ರವು ನಮ್ಮ ಚಕ್ಕುಲಿಯ ಒರಳಿನ ಮಗನೇ ಸರಿ. ಮುಚ್ಚಿದ ಅಚ್ಚಿನೊಳಕ್ಕೆ ಒತ್ತಿದರೆ ಬಕೆಟ್ಟು. ಕೊಳವೆಯಂತೆ ಇಳಿಬಿಟ್ಟು ಅಚ್ಚಿನೊಳಗೆ ಗಾಳಿಯೂದಿದರೆ ಕೊಡ. ಸಾಬೂನಿನ ಗುಳ್ಳೆಯಂತೆ ಮೇಲಕ್ಕೆ ಊದಿ ಮಡಿಸಿದರೆ ಹಾಲಿನ ಪೊಟ್ಟಣದ ಹಾಳೆ. ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ಮಾತ್ರ ಒತ್ತುವುದಿಲ್ಲ: ಟೊಳ್ಳಾದ ಅಚ್ಚಿನಲ್ಲಿ ಹುಡಿಯನ್ನು ಹಾಕಿ, ಬಿಸಿಯಲ್ಲಿ ಎರಡು ದಿಕ್ಕಿಗೂ ಉರುಳಿಸುವರು, ದೋಸೆಯ ಕಾವಲಿಗೆ ಎಣ್ಣೆ ಹಿಡಿಯುವಂತೆ ಹುಡಿಯು ಕರಗಿ ಒಳಮೈಗೆಲ್ಲ ಹಿಡಿಯುತ್ತದೆ. ತೊಟ್ಟಿಯು ಕಪ್ಪಾಗಿರುವುದು ಬಹುಮಟ್ಟಿಗೆ ಅದಕ್ಕೆ ಬೆರೆಸಿದ ಕಾಡಿಗೆಯಿಂದ. ಬಿಸಿಲಿನ ಕಿರಣಗಳು ಸರಪಣಿಗಳನ್ನು ಕಡಿಯದಂತೆ ಆ ಕಾಡಿಗೆಯು ತಡೆಯುತ್ತದೆ. ಬಣ್ಣದ ಬಕೆಟ್ಟನ್ನು ಬಿಸಿಲಿಗಿಟ್ಟು ಅದು ಪುಡಿಪುಡಿಯಾಯಿತೆಂದು ಅಂಗಡಿಯವನನ್ನು ಬೈಯುವ ಮುನ್ನ ಇದನ್ನು ನೆನೆಯಬೇಕು.

ಮೊಣಕಾಲಿನ ಬಿಲ್ಲೆಗೆ ಬರೋಣ. ಅದೂ ಜೀಗ್ಲರರ ದಾರಿಯಿಂದ ಬಂದ ಪಾಲಿಥೀನೇ. ಆದರೆ ಸರಪಣಿಗಳು ಅತಿ ಉದ್ದವಾಗಿ ಒಂದರಲ್ಲೊಂದು ತೊಡಕಿಕೊಂಡಿರುವುದರಿಂದ, ಕಾದರೂ ಹರಿಯುವುದಿಲ್ಲ. ಒರಳಿನಲ್ಲಿ ಒತ್ತಲಾಗದು. ಹುಡಿಯನ್ನು ಬಿಸಿಯಲ್ಲಿ ಅದುಮಿ ದಿಮ್ಮಿ ಮಾಡಿ, ಮರದಂತೆ ಕಡೆಯಬೇಕು.

ಇದನ್ನು ದೇಹದೊಳಕ್ಕೆ ತಂದವರು ಇಂಗ್ಲೆಂಡಿನ ಲ್ಯಾಂಕಷೈರಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯರಾದ ಜಾನ್ ಚಾರ್ನ್ಲಿ. ಅವರು ಮೊದಲು ಸೊಂಟದ ಕೀಲಿಗೆ ಟೆಫ್ಲಾನಿನ ಬಟ್ಟಲನ್ನು ಕೂರಿಸುತ್ತಿದ್ದರು. ಟೆಫ್ಲಾನು ಬಹಳ ಜಾರುವ ವಸ್ತು, ರೋಗಿಗಳು ನಡೆದಾಡಿದರು, ಕೀರ್ತಿ ಹಬ್ಬಿತು. ಎರಡು ಮೂರು ವರ್ಷಗಳಲ್ಲಿ ಬಟ್ಟಲುಗಳು ಸವೆದು, ಆ ಸವೆತದ ಹುಡಿಯು ಸುತ್ತಣ ಮಾಂಸವನ್ನು ಕೆಡಿಸತೊಡಗಿತು. ನೂರಾರು ರೋಗಿಗಳು! ತಾವೇ ಇಟ್ಟುದನ್ನು ತಾವೇ ಬಿಚ್ಚಿ ತೆಗೆಯುವ ಕೆಲಸ ಅವರ ಪಾಲಿಗೆ ಬಂದಿತು. ಆ ಕಾಲಕ್ಕೆ, ಅಂದರೆ 1962ರಲ್ಲಿ, ನೇಯ್ಗೆಯ ಮಗ್ಗಗಳಿಗೆ ಹಲ್ಲುಚಕ್ರಗಳನ್ನು ಮಾರುವವನೊಬ್ಬನು ಜರ್ಮನಿಯ ಹೊಸ ಪಾಲಿಥೀನಿನ ತುಂಡನ್ನು ತಂದನು. ಚಾರ್ನ್ಲಿಯವರು ಅದನ್ನು ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲವೆಂದರು. ಅವರ ಕಾರ್ಯಾಗಾರದ ಹ್ಯಾರಿ ಕ್ರೇವನ್ ಎಂಬ ಕುಶಲಕರ್ಮಿಯು, ಒಡೆಯರು ಪರವೂರಿಗೆ ಹೋಗಿದ್ದಾಗ, ತಾನೇ ಅದನ್ನು ತಿಕ್ಕುವ ಯಂತ್ರಕ್ಕೆ ಹಾಕಿದನು. ವಾರಗಳು ಕಳೆದರೂ ಅದು ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಸವೆದಿರಲಿಲ್ಲ. ಮಾತು ಮೀರಿದ ಆ ಕ್ರೇವನ್ನನಿಗೆ ನಮ್ಮ ಗೃಹಿಣಿಯ ಮೊಣಕಾಲು ಋಣಿಯಾಗಿದೆ.

ಆದರೆ ಒಮ್ಮೆ ಸುಟ್ಟುಕೊಂಡ ವೈದ್ಯರು ಈ ಬಾರಿ ಆತುರಪಡಲಿಲ್ಲ. ಎರಡೂ ಪದಾರ್ಥಗಳ ಕಣಗಳನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಕಾದರು. ತಿಂಗಳುಗಳು ಕಳೆಯಲು, ಟೆಫ್ಲಾನಿದ್ದ ಕಡೆ ಗಂಟು ಎದ್ದಿತು. ಪಾಲಿಥೀನಿದ್ದ ಕಡೆ ಏನೂ ಆಗಲಿಲ್ಲ. ಈ ವೃತ್ತಾಂತವನ್ನು ಓದಿ ಹೇಳಿದಾಗ ಗೃಹಿಣಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ತಮ್ಮ ಮೈಗೆ ಹಾಕಿಕೊಂಡು ನೋಡಿದರೇ?" ಎಂದು ಎರಡು ಸಾರಿ ಕೇಳಿದರು.

1974ರಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲ್ ಮೊದಲಾದವರು ಮೊಣಕಾಲಿಗೆ ರೂಪಿಸಿದ ಕೀಲೇ ಇಂದಿನವುಗಳಿಗೆ ಮೂಲವೆನ್ನಬಹುದು. ಅದರ ಬಿಲ್ಲೆಯೂ ಇದೇ ಪದಾರ್ಥದ್ದು. ದೋಷವಿರಲಿಲ್ಲವೆಂದಲ್ಲ. ಬಿಲ್ಲೆಗಳನ್ನು ರೋಗಾಣುರಹಿತವಾಗಿಸಲು ಗಾಮಾ ಕಿರಣಗಳಿಗೆ ಒಡ್ಡುವರು. ಅವು ರೋಗಾಣುಗಳನ್ನು ಕೊಲ್ಲುವುದರ ಜೊತೆಗೆ ಸರಪಣಿಗಳನ್ನೂ ಅಲ್ಲಲ್ಲಿ ಹರಿಯುತ್ತವೆ. ಹರಿದ ತುದಿಗಳಿಗೆ ಗಾಳಿಯ ಆಮ್ಲಜನಕ ಸೇರಿದರೆ ಪದಾರ್ಥವು ಕಾಲಕ್ರಮದಲ್ಲಿ ಬಿರುಸಾಗಿ ಒಡೆಯುವುದು. ಉದುರಿದ ಹುಡಿಯನ್ನು ದೇಹವು ಶತ್ರುವೆಂದೆಣಿಸಿ ಹೋರಾಡುವಾಗ ಪಕ್ಕದ ಮೂಳೆಯೂ ಕರಗುವುದು. 1990ರ ದಶಕದಲ್ಲಿ ಇದನ್ನರಿತು, ಗಾಳಿಯಿಲ್ಲದ ಪೊಟ್ಟಣದಲ್ಲಿ ಕಿರಣ ಹಾಯಿಸತೊಡಗಿದರು. ಅನಂತರ, ಬೇಕೆಂದೇ ಹೆಚ್ಚು ಕಿರಣ ಹಾಯಿಸಿ, ಹರಿದ ತುದಿಗಳು ಪಕ್ಕದ ಸರಪಣಿಗಳೊಡನೆ ಬೆಸೆದುಕೊಳ್ಳುವಂತೆ ಮಾಡಿ, ಬಿಸಿಯಿಂದ ಉಳಿದ ತುದಿಗಳನ್ನು ಶಮನಗೊಳಿಸುವ ಕ್ರಮ ಬಂದಿತು. 2000ದಿಂದೀಚೆಗೆ ವಿಟಮಿನ್ ಇ ಎಂಬುದನ್ನು ಬೆರೆಸುವುದೂ ಉಂಟು. ಅಡುಗೆಯೆಣ್ಣೆಯು ಬೇಗ ಕಮಟದಂತೆ ಕಾಯುವ ಪದಾರ್ಥವೇ ಅದು.

ಎಷ್ಟು ಕಾಲ ಬಾಳುವುದು? ಹಲವು ದೇಶಗಳ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಪೂರ್ತಿ ಬದಲಿಸಿದ ಮೊಣಕಾಲಿನ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ನಡೆಯುತ್ತವೆ. "ಅಷ್ಟು ಸಾಕು" ಎಂದರು ಗೃಹಿಣಿ.

ಹಾಗೆಂದು ಅವರ ಅಡುಗೆಮನೆಯ ಕಟ್ಟಳೆ ತಪ್ಪೆಂದು ನಾವು ಹೇಳಲಾರೆವು. ಮೂಳೆಯ ನಡುವೆ ಇಪ್ಪತ್ತೈದು ವರ್ಷ ಕೆಡದಿರುವ ಗುಣವೇ, ಚರಂಡಿಯಲ್ಲಿಯೂ ದನದ ಹೊಟ್ಟೆಯಲ್ಲಿಯೂ ದೋಷವಾಗುತ್ತದೆ. ನಮ್ಮ ರಾಜ್ಯದಲ್ಲಿ 2016ರಲ್ಲಿಯೂ, ದೇಶಕ್ಕೆಲ್ಲ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದವು. ಮತ್ತೆ ಕರಗಿಸಿ ಬಳಸೋಣವೆಂದರೆ, ಪಾಲಿಥೀನೂ ಪಾಲಿಪ್ರೊಪಿಲೀನೂ ದಾಯಾದಿಗಳಾದರೂ ಕರಗಿದಾಗ ಎಣ್ಣೆ ನೀರಿನಂತೆ ಬೇರೆಬೇರೆಯಾಗಿಯೇ ಉಳಿದು, ಬೆರೆತ ವಸ್ತುವು ಒಡಕಾಗುತ್ತದೆ. ಇವುಗಳಿಗೆ ಸಂಧಿ ಮಾಡಿಸುವ, ಎರಡರ ತುಂಡುಗಳನ್ನೂ ಸರದಿಯಂತೆ ಪೋಣಿಸಿದ ಹೊಸ ಸರಪಣಿಯೊಂದನ್ನು ಅಮೆರಿಕದ ಕೋಟ್ಸ್ ಮತ್ತು ಬೇಟ್ಸ್ ಎಂಬ ವಿದ್ವಾಂಸರು 2017ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೂ ಬೇರ್ಪಡಿಸುವ ಕೆಲಸವು ಮನೆಯಲ್ಲಿಯೇ ಆಗತಕ್ಕದ್ದು. ವಸ್ತುವಿನ ಬುಡದ ತ್ರಿಕೋನದಲ್ಲಿ 2 ಅಥವಾ 4 ಎಂದಿದ್ದರೆ ಪಾಲಿಥೀನು, 5 ಎಂದಿದ್ದರೆ ಪಾಲಿಪ್ರೊಪಿಲೀನು. ಅಂಕೆ ಅಳಿಸಿದ್ದರೆ ಚೂರೊಂದನ್ನು ನೀರಿಗೆ ಹಾಕಿ ನೋಡಬಹುದು: ಈ ಎರಡೂ ಸಾಮಾನ್ಯವಾಗಿ ತೇಲುತ್ತವೆ; ನೀರಿನ ಸೀಸೆಯ ಪ್ಲಾಸ್ಟಿಕ್ಕೂ ಪಿ.ವಿ.ಸಿ. ಕೊಳವೆಯೂ ಮುಳುಗುತ್ತವೆ.

ಶಸ್ತ್ರಚಿಕಿತ್ಸೆಯಾಗಿ ಈಗ ಏಳು ತಿಂಗಳಾಯಿತು. ಹಾಲಿನ ಪೊಟ್ಟಣವನ್ನು ಮೊದಲಿನಂತೆಯೇ ತೊಳೆದು ತಂತಿಗೆ ಹಾಕುತ್ತಿದ್ದಾರೆ. ನಡುವೆ ಕೆಲವು ತಿಂಗಳು ಆ ಕೆಲಸ ನಮ್ಮ ಪಾಲಿಗೆ ಬಂದಿತ್ತು, ಸರಿಯಾಗಿ ಒಣಗಿಸುತ್ತಿರಲಿಲ್ಲವಂತೆ. ಈಗ ಮೂರು ಮೆಟ್ಟಿಲುಗಳನ್ನೂ ತಾವೇ ಇಳಿದು ಹೋಗುತ್ತಾರೆ.