ಲ್ಯಾಪ್‌ಟಾಪಿನಲ್ಲಿ ಧ್ವನಿ ತುಂಡಾಗುವುದೇಕೆ?

ಹಿಂದೆ ದೊಡ್ಡ ಸ್ಟುಡಿಯೋಗಳಲ್ಲಿ ಮಾತ್ರ ಸಾಧ್ಯವಿದ್ದ ಧ್ವನಿಮುದ್ರಣದ ಕೆಲಸವು ಇಂದು ಮನೆಯ ಕೋಣೆಯೊಂದರಲ್ಲಿ, ಒಂದು ಲ್ಯಾಪ್‌ಟಾಪಿನ ನೆರವಿನಿಂದ ನಡೆಯುತ್ತದೆ. ಆದರೆ ಆಲಾಪನೆಯು ಏರುತ್ತಿರುವಾಗಲೇ ‘ಟಕ್’ ಎಂಬ ಸದ್ದಾಗಿ, ಧ್ವನಿ ಕ್ಷಣಕಾಲ ಕಡಿದು ಮತ್ತೆ ಮುಂದುವರಿಯುವುದುಂಟು. ಹಾಡಿದವರು ಇನ್ನೊಮ್ಮೆ ಹಾಡಬಹುದು. ಅದೇ ಭಾವ, ಅದೇ ಸಂಚಾರ ಮತ್ತೆ ಬಂದೀತೆಂಬ ಭರವಸೆ ಯಾರಿಗಿದೆ? ಆದುದರಿಂದ ಈ ತೊಡಕಿನ ಮೂಲವೇನೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಗಣಕವು ಧ್ವನಿಯನ್ನು ಅಖಂಡವಾಗಿ ಹಿಡಿಯುವುದಿಲ್ಲ. ಸೆಕೆಂಡಿಗೆ 44,100 ಅಥವಾ 48,000 ಸಲ ಅದರ ಅಲೆಯನ್ನು ಅಳೆದು ಅಂಕೆಗಳಾಗಿ ಬರೆದಿಡುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುವುದರಿಂದ, ಅದರ ಎರಡರಷ್ಟಕ್ಕಿಂತ ಹೆಚ್ಚು ಅಳತೆಗಳು ಬೇಕಾಗುತ್ತವೆ. ಈ ಅಳತೆಗಳನ್ನು ಒಂದೊಂದಾಗಿ ಸಾಗಿಸದೆ ಕಂತುಕಂತಾಗಿ ಸಾಗಿಸುತ್ತಾರೆ. ಒಂದು ಕಂತನ್ನು ಹಿಡಿದಿಡುವ ಸ್ಥಳಕ್ಕೆ ಬಫರ್ ಎಂದು ಹೆಸರು.

ಮದುವೆಯ ಮನೆಯ ಪಂಕ್ತಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಬಡಿಸುವವನ ಪಾತ್ರೆ ಬರಿದಾಗುವುದರೊಳಗೆ ಅಡಿಗೆಮನೆಯಿಂದ ಇನ್ನೊಂದು ತುಂಬಿದ ಪಾತ್ರೆ ಬರಬೇಕು. ಪಾತ್ರೆ ಚಿಕ್ಕದಾದರೆ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಅಡಿಗೆಯವನು ಅರೆಗಳಿಗೆ ಆಚೆ ಹೋದರೂ ಎಲೆಗಳು ಕಾಯುತ್ತವೆ. ಪಾತ್ರೆ ದೊಡ್ಡದಾದರೆ ಆ ಭಯವಿಲ್ಲ, ಆದರೆ ಅದು ತುಂಬುವವರೆಗೆ ಬಡಿಸುವುದು ತಡವಾಗುತ್ತದೆ. 44,100ರ ಗತಿಯಲ್ಲಿ 128 ಅಳತೆಗಳ ಬಫರ್ ಸುಮಾರು 2.9 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. 1,024 ಅಳತೆಗಳದು ಸುಮಾರು 23 ಮಿಲಿಸೆಕೆಂಡು. ಒಳಬರುವಾಗೊಮ್ಮೆ, ಹೊರಹೋಗುವಾಗೊಮ್ಮೆ ಇಷ್ಟು ತಡವಾದರೆ ಒಟ್ಟು 46 ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದವು ಅಷ್ಟರಲ್ಲಿ ಸುಮಾರು 16 ಮೀಟರು ಸಾಗುತ್ತದೆ. ತನ್ನ ದನಿಯೇ ಅಷ್ಟು ದೂರದಿಂದ ಬಂದಂತೆ ಕೇಳಿಸಿದರೆ ಗಾಯಕನು ತಾಳ ಹಿಡಿಯುವುದು ಹೇಗೆ?

ಇಲ್ಲಿ ಹಲವರನ್ನು ದಿಗಿಲುಗೊಳಿಸುವ ಸಂಗತಿಯೊಂದಿದೆ. ಪ್ರೊಸೆಸರಿನ ಕೆಲಸದ ಮಾಪಕವು ಶೇಕಡ 30 ಎಂದು ತೋರಿಸುತ್ತಿದ್ದರೂ ಧ್ವನಿ ಕಡಿಯಬಹುದು. ಮಾಪಕ ಹೇಳುವುದು ಸರಾಸರಿಯನ್ನು; ಧ್ವನಿಗೆ ಬೇಕಾದುದು ಪ್ರತಿಯೊಂದು ಗಡುವಿನ ಪಾಲನೆ. ವೈಫೈಯ ಡ್ರೈವರು ಕೆಲವೇ ಮಿಲಿಸೆಕೆಂಡುಗಳ ಕಾಲ ಪ್ರೊಸೆಸರನ್ನು ತನ್ನತ್ತ ಸೆಳೆದುಕೊಂಡರೂ ಒಂದು ಕಂತು ತಪ್ಪಿಹೋಗುತ್ತದೆ.

ತೊಡಕು ಕಂಡಾಗ ಮೊದಲು ಮಾಡಬೇಕಾದುದೇನು? ಮುದ್ರಿಸಿದುದನ್ನು ಎರಡು ಮೂರು ಸಲ ಕೇಳಬೇಕು. ಸದ್ದು ಪ್ರತಿಸಲವೂ ಬೇರೆ ಬೇರೆ ಸ್ಥಳದಲ್ಲಿ ಬಂದರೆ ದೋಷವಿರುವುದು ನುಡಿಸುವಾಗ ಮಾತ್ರ, ಮುದ್ರಿಕೆ ಸುರಕ್ಷಿತ. ಅದೇ ಸ್ಥಳದಲ್ಲಿ, ಎಫೆಕ್ಟುಗಳನ್ನೆಲ್ಲ ತೆಗೆದುಹಾಕಿದರೂ ಬರುತ್ತಿದ್ದರೆ, ಅದು ಕಡತದಲ್ಲಿಯೇ ಸೇರಿಹೋಗಿದೆ. ತಪ್ಪಿಹೋದ ಅಳತೆಗಳನ್ನು ಯಾವ ಉಪಾಯದಿಂದಲೂ ಮರಳಿ ತರಲಾಗದು. ಇದ್ದುದನ್ನು ಆಧರಿಸಿ ಊಹೆಯಿಂದ ತೇಪೆ ಹಾಕಬಹುದಷ್ಟೆ.

ಆಮೇಲೆ ಬಫರನ್ನು ಹಿಗ್ಗಿಸಿ ನೋಡಬೇಕು. ಸದ್ದು ನಿಂತರೆ, ಕೊಟ್ಟ ಕಾಲದಲ್ಲಿ ಕೆಲಸ ಮುಗಿಯುತ್ತಿರಲಿಲ್ಲವೆಂದು ಅರ್ಥ. ಆಗ ಎಫೆಕ್ಟುಗಳ ಹೊರೆಯನ್ನು ಇಳಿಸಬೇಕು. ಒಂದೇ ಟ್ರ್ಯಾಕಿನ ಮೇಲೆ ಒಂದರ ಹಿಂದೊಂದು ಪೋಣಿಸಿದ ಎಫೆಕ್ಟುಗಳಲ್ಲಿ ಪ್ರತಿಯೊಂದೂ ಹಿಂದಿನದರ ಫಲಕ್ಕಾಗಿ ಕಾಯಬೇಕಾದುದರಿಂದ, ಪ್ರೊಸೆಸರಿಗೆ ಎಂಟು ಕೋರುಗಳಿದ್ದರೂ ಆ ಸರಣಿಗೆ ಹೆಚ್ಚು ಪ್ರಯೋಜನವಿಲ್ಲ.

ಬಫರನ್ನು ಹಿಗ್ಗಿಸಿದರೂ ಸದ್ದು ನಿಲ್ಲದಿದ್ದರೆ ಬೇರೆಡೆ ಹುಡುಕಬೇಕು. ವೈಫೈಯನ್ನೂ ಬ್ಲೂಟೂತನ್ನೂ ಒಂದೊಂದಾಗಿ ಆರಿಸಿ ಪರೀಕ್ಷಿಸಬೇಕು. ವಿಂಡೋಸ್ ಗಣಕಗಳಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವು ಯಾವ ಡ್ರೈವರು ಹೆಚ್ಚು ಹೊತ್ತು ತಡೆಯೊಡ್ಡುತ್ತಿದೆಯೆಂದು ತೋರಿಸಿಕೊಡುತ್ತದೆ. ಆಡಿಯೋ ಇಂಟರ್‌ಫೇಸನ್ನು ಯುಎಸ್‌ಬಿ ಹಬ್ಬಿಗೆ ಸಿಕ್ಕಿಸದೆ ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿ ನೋಡಬೇಕು. ಸದ್ದು ಗಡಿಯಾರದಂತೆ ಸಮಾಂತರದಲ್ಲಿ ಬರುತ್ತಿದ್ದು, ಎರಡು ಡಿಜಿಟಲ್ ಉಪಕರಣಗಳನ್ನು ಜೋಡಿಸಿದ್ದರೆ, ಅವೆರಡೂ ಒಂದೇ ಕ್ಲಾಕನ್ನು ಅನುಸರಿಸುತ್ತಿವೆಯೇ ಎಂದು ಪರಿಶೀಲಿಸಬೇಕು.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಸದ್ದು ತೊಡಗುವುದಾದರೆ ಶಾಖವನ್ನು ಶಂಕಿಸಬೇಕು. ಪ್ರೊಸೆಸರು ಕಾದಾಗ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿಗಳು ಮುಚ್ಚುತ್ತವೆ. ಗಟ್ಟಿ ಮೇಜಿನ ಮೇಲಿಡುವುದು ಲೇಸು. ಬ್ಯಾಟರಿಯ ಮೇಲೆ ನಡೆಯುವಾಗಲೂ ವಿದ್ಯುತ್ತಿನ ಉಳಿತಾಯಕ್ಕಾಗಿ ವೇಗ ಇಳಿಯಬಹುದು. ಆದುದರಿಂದ ಚಾರ್ಜರನ್ನು ಜೋಡಿಸಿಯೇ ಕೆಲಸ ಮಾಡಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದನ್ನು ಮರೆಯಬಾರದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಯಾವ ಮದ್ದಿನಿಂದ ಎಂದು ತಿಳಿಯುವುದಿಲ್ಲ. ಹಾಡುವಾಗ ಚಿಕ್ಕ ಬಫರನ್ನೂ, ಮಿಶ್ರಣದ ಕಾಲದಲ್ಲಿ ದೊಡ್ಡದನ್ನೂ ಬಳಸುವುದು ಸಾಮಾನ್ಯ ಪದ್ಧತಿ. ಇಂಟರ್‌ಫೇಸಿನಲ್ಲಿ ನೇರವಾಗಿ ಆಲಿಸುವ ಸೌಕರ್ಯವಿದ್ದರೆ ಇನ್ನೂ ಉತ್ತಮ. ಗಾಯಕನ ದನಿ ಗಣಕವನ್ನು ಬಳಸಿ ಬಾರದೆ ತಕ್ಷಣವೇ ಅವನ ಕಿವಿಗೆ ತಲಪುವುದರಿಂದ, ಹಾಡುವಾಗಲೂ ದೊಡ್ಡ ಬಫರನ್ನೇ ಇಡಬಹುದು.

ಕಲಾವಿದರನ್ನು ಬರಮಾಡಿಕೊಳ್ಳುವ ಹಿಂದಿನ ದಿನ, ಅದೇ ಸಲಕರಣೆಗಳಿಂದ, ಅದೇ ಕೋಣೆಯಲ್ಲಿ ಒಂದು ಗಂಟೆ ತಂಬೂರಿಯ ಶ್ರುತಿಯನ್ನು ಮುದ್ರಿಸಿ ಕೇಳೋಣ. ಎಡೆಬಿಡದ ಆ ನಾದದಲ್ಲಿ ಅತಿ ಸಣ್ಣ ಕಡಿತವೂ ಕಿವಿಗೆ ಸಿಕ್ಕುತ್ತದೆ.