ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾವೋ, ಪಿಯುಸಿಯೋ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಒಂದೇ ಚರ್ಚೆ. ಮಗನನ್ನೋ ಮಗಳನ್ನೋ ಪಿಯುಸಿ ವಿಜ್ಞಾನಕ್ಕೆ ಸೇರಿಸಿ ನಾಲ್ಕು ವರ್ಷದ ಬಿ.ಇ. ಪದವಿಯತ್ತ ಕಳುಹಿಸಬೇಕೇ, ಇಲ್ಲವೇ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿಸಬೇಕೇ? ಡಿಪ್ಲೊಮಾ ಎಂದರೆ ಅಂಕ ಕಡಿಮೆ ಬಂದವರ ದಾರಿ ಎಂಬ ಭಾವನೆ ವರ್ತಕ ಕುಟುಂಬಗಳಲ್ಲಿ ಬೇರೂರಿದೆ. ವ್ಯವಹಾರ ಬಲ್ಲವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು.

ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು 6. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಪರೀಕ್ಷೆಯ ಮೂಲಕ ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಆಗಲೂ ಮೂರು ಮತ್ತು ಮೂರು, ಒಟ್ಟು 6 ವರ್ಷವೇ. ವ್ಯತ್ಯಾಸವಿರುವುದು ಮಧ್ಯದಲ್ಲಿ ಓದು ನಿಂತಾಗ ಕೈಯಲ್ಲಿ ಏನು ಉಳಿಯುತ್ತದೆ ಎಂಬುದರಲ್ಲಿ. ಪಿಯುಸಿಯಷ್ಟೇ ಮುಗಿಸಿದವನಿಗೆ ಕಾರ್ಖಾನೆಯಲ್ಲಿ ತಾಂತ್ರಿಕ ಹುದ್ದೆ ದೊರೆಯುವುದು ಕಷ್ಟ. ಡಿಪ್ಲೊಮಾ ಪಡೆದವನು ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಹುದ್ದೆಗೂ ಅರ್ಜಿ ಹಾಕಬಹುದು. ತಂದೆಯ ವರ್ಕ್‌ಶಾಪಿನಲ್ಲಿ ನಕ್ಷೆ ಓದಿ ಲೇತ್ ಮುಂದೆ ನಿಲ್ಲಲೂಬಹುದು. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಾಗಲಿ ಇಂಥವರ ಅಗತ್ಯ ಏನೆಂಬುದನ್ನು ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ.

ಆದರೆ ಈ ದಾರಿಯಲ್ಲಿ ಮುಳ್ಳುಗಳೂ ಇವೆ. ಡಿಸಿಇಟಿ ಮೂಲಕ ದೊರೆಯುವ ಸೀಟುಗಳು ಸೀಮಿತ; ಡಿಪ್ಲೊಮಾ ಮುಗಿಸಿದವರೆಲ್ಲರಿಗೂ ಬಯಸಿದ ಕಾಲೇಜು ಸಿಗುವುದಿಲ್ಲ. ಗಣಿತವಂತೂ ದೊಡ್ಡ ತೊಡಕು. ಬಿ.ಇ. ಮೊದಲ ವರ್ಷದ ಗಣಿತವನ್ನು ಓದದೆ ಬರುವ ಈ ವಿದ್ಯಾರ್ಥಿಗಳಿಗೆಂದೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ 3 ಮತ್ತು 4ನೆಯ ಸೆಮಿಸ್ಟರ್‌ಗಳಲ್ಲಿ ಹೆಚ್ಚುವರಿ ಗಣಿತವನ್ನು ಇರಿಸಿತು. ಇನ್ನೊಂದು ಸಂಗತಿ: ಹದಿನೈದರ ವಯಸ್ಸಿನಲ್ಲೇ ಮೆಕ್ಯಾನಿಕಲ್, ಸಿವಿಲ್ ಎಂದು ವಿಭಾಗ ಆರಿಸಬೇಕಾಗುತ್ತದೆ. ವೈದ್ಯಕೀಯಕ್ಕೆ ಮನಸ್ಸು ತಿರುಗಿದರೆ ಪಿಯುಸಿಯಿಂದಲೇ ಆರಂಭಿಸಬೇಕು. ಮಗುವಿನ ಒಲವು ಇನ್ನೂ ಸ್ಪಷ್ಟವಾಗಿಲ್ಲವಾದರೆ ಪಿಯುಸಿಯೇ ಲೇಸು. ಯಂತ್ರ ಕಂಡರೆ ಬಿಚ್ಚಿ ನೋಡುವ ಸ್ವಭಾವ ಮತ್ತು ಮನೆಯಲ್ಲೊಂದು ಘಟಕ, ಎರಡೂ ಇದ್ದರೆ ಡಿಪ್ಲೊಮಾ ಬಿಟ್ಟುಕೊಡುವುದು ಜಾಣತನವಲ್ಲ.

ಅಚ್ಚು ತಯಾರಿಕೆಯಲ್ಲಿ ತೊಡಗಿದವರು ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನೂ ಗಮನಿಸಬೇಕು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು. ಅದರಲ್ಲಿ ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ.

ಶುಲ್ಕ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಕೋರ್ಸಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ? ಆ ಪ್ರಮಾಣಪತ್ರದ ಆಧಾರದ ಮೇಲೆ ಡಿಸಿಇಟಿ ಬರೆಯಬಹುದೇ? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಲಿಖಿತವಾಗಿ ಪಡೆಯುವುದು ಕ್ಷೇಮ.